ಎದುರಿನ ಕುರ್ಚಿ

ಭಾನುವಾರ ಬೆಳಿಗ್ಗೆ ಮಾಟುಂಗದ ಹೋಟೆಲಿನಲ್ಲಿ ತನ್ನದೇ ಟೇಬಲ್ ಬೇಕೆನ್ನುವವನು ಮನೆಯಲ್ಲೇ ಉಪ್ಪಿಟ್ಟು ತಿನ್ನುವುದು ಒಳ್ಳೆಯದು. ಇಲ್ಲಿ ಕುರ್ಚಿ ಖಾಲಿಯಾದ ಕಡೆ ಸಪ್ಲೈಯರ್ ಕೂರಿಸುತ್ತಾನೆ. ಎದುರಿಗೆ ಯಾರೇ ಇರಲಿ, ಇಡ್ಲಿ ಮುಗಿಸಿ ಏಳುವುದು ನಮ್ಮ ಪದ್ಧತಿ.

ಅಂದು ನನ್ನೆದುರು ಕೂತಿದ್ದವಳು ಎರಡು ಜಡೆಯ, ಸ್ಕೂಲ್ ಬ್ಯಾಗಿನ ಹುಡುಗಿ. ಒಬ್ಬಳೇ ಇದ್ದಳು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ದಿನಾ ಮಧ್ಯಾಹ್ನ ಸಯನ್‌ನಲ್ಲಿ ಮೊಮ್ಮಗಳನ್ನು ಶಾಲೆಯಿಂದ ಕರೆತರುವವನು ನಾನು. ನಿವೃತ್ತನಾದ ಮೇಲೆ ನನಗೆ ಉಳಿದ ಕೆಲಸ ಅದೊಂದೇ, ಸುಖವೂ ಅದೊಂದೇ. ಆ ಅಭ್ಯಾಸಬಲದಿಂದ ಇವಳನ್ನೂ ಯಾವ ಕ್ಲಾಸು, ಏನು ತಿನ್ನುತ್ತೀ ಎಂದು ಕೇಳಿದೆ.

ಪಕ್ಕದ ಟೇಬಲಿನ ಇಬ್ಬರು ಯುವಕರು ಎದ್ದು ನನ್ನ ಮುಖಕ್ಕೆ ಮೊಬೈಲ್ ಹಿಡಿದರು. ಚಿಕ್ಕ ಹುಡುಗಿಯನ್ನು ಭೇಟಿಯಾಗಲು ಬಂದೆಯಲ್ಲ, ಹೆಸರು ಹೇಳು ಎಂದು ಹಿಂದಿಯಲ್ಲಿ ಗದರಿದರು.

ಜೋಗೇಶ್ವರಿಯಿಂದ ಬಂದ ತಂಡವಂತೆ. ಆನ್‌ಲೈನಿನಲ್ಲಿ ಹದಿಮೂರರ ಹುಡುಗಿಯಂತೆ ಮಾತಾಡಿ, ಬಲೆಗೆ ಬಿದ್ದವನನ್ನು ಕರೆಸಿ ಲೈವ್ ತೋರಿಸುವುದು ಅವರ ರೀತಿ. ಹುಡುಗಿಯ ಎದುರಿಗೆ ಬಂದು ಕೂರುವವನೇ ಅವನು ಎಂದುಕೊಂಡಿದ್ದರು. ಮಾಟುಂಗದಲ್ಲಿ ಯಾರೆದುರು ಬೇಕಾದರೂ ಯಾರಾದರೂ ಕೂರುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ.

"ಅವರನ್ನು ಅಲ್ಲಿ ಕೂರಿಸಿದ್ದು ನಾನು ಮಾರಾಯ್ರೆ," ಎಂದು ಸಪ್ಲೈಯರ್ ನಡುವೆ ಬಂದ. ಆಗ ಅವರು ತಾವು ಕರೆಸಿದ್ದ ಮನುಷ್ಯನ ನಂಬರಿಗೆ ಫೋನ್ ಮಾಡಿದರು. ನನ್ನ ಜೇಬು ಸದ್ದು ಮಾಡಲಿಲ್ಲ. ಅವನ ಫೋನ್ ಅಷ್ಟರಲ್ಲೇ ಸ್ವಿಚ್ ಆಫ್ ಆಗಿತ್ತು.

ವಿಷಯ ಪೊಲೀಸ್ ಸ್ಟೇಷನ್ನಿಗೆ ಹೋಯಿತು. ಅಲ್ಲಿ ಅಧಿಕಾರಿ ಅವರಿಗೇ ಬೈದರು. ಆ ಚಾಟ್ ತಂದು ಮೊದಲೇ ದೂರು ಕೊಟ್ಟಿದ್ದರೆ ಅವನನ್ನು ಹಿಡಿಯಬಹುದಿತ್ತು, ಈಗ ಎಚ್ಚರಿಸಿ ಓಡಿಸಿದಿರಿ ಎಂದರು. ಒಬ್ಬನ ಮಾನ ಕಳೆಯುವ ಹಕ್ಕು ನಿಮಗೆ ಕೊಟ್ಟವರು ಯಾರು ಎಂದು ನಾನೂ ಕೂಗಾಡಿದೆ. ಜಡೆಯ ಹುಡುಗಿಯೂ ಆ ತಂಡದವಳೇ, ನಿಜಕ್ಕೆ ಕಾಲೇಜು ಮುಗಿಸಿದವಳು. ತಲೆ ತಗ್ಗಿಸಿಕೊಂಡೇ ಹೇಳಿದಳು:

"ಸಾರಿ ಅಂಕಲ್. ನನ್ನ ತಂಗೀನ ಒಬ್ಬ ಹೀಗೇ ಚಾಟ್ ಮಾಡಿ ಕರೆಸಿದಾಗ ಕಂಪ್ಲೇಂಟ್ ಕೊಟ್ವಿ. ಯಾರೂ ತಗೊಳ್ಳಿಲ್ಲ."

ನನ್ನ ಸಿಟ್ಟಿಗೆ ಆಮೇಲೆ ನಿಲ್ಲಲು ಜಾಗವೇ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ.

ವಿಡಿಯೊ ಅಳಿಸಿದರು, ಕ್ಷಮೆಯನ್ನೂ ಹಾಕಿದರು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಮ್ಮ ಬಿಲ್ಡಿಂಗಿನ ಗ್ರೂಪಿಗೆ ವಿಡಿಯೊ ಬಂತು, ಕ್ಷಮೆ ಬರಲಿಲ್ಲ. ಸೊಸೆ ನನ್ನನ್ನು ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಆದರೂ ಕಾಫಿ ಕೊಡುತ್ತಾ, "ಮಾವ, ಸ್ವಲ್ಪ ದಿನ ಪಾಪೂನ ನಾನೇ ಪಿಕಪ್ ಮಾಡ್ತೀನಿ. ಗೇಟ್ ಹತ್ರ ಬೇರೆ ಮಕ್ಕಳ ಅಮ್ಮಂದಿರು ಇರ್ತಾರಲ್ಲ," ಎಂದಳು. ಆ ಅಮ್ಮಂದಿರ ಜಾಗದಲ್ಲಿ ನಾನಿದ್ದರೂ ಮೊಮ್ಮಗಳನ್ನು ದೂರ ಸರಿಸಿಕೊಳ್ಳುತ್ತಿದ್ದೆ. ಅದು ಗೊತ್ತಿರುವುದರಿಂದಲೇ ನನಗೆ ಸಮಾಧಾನವಿಲ್ಲ.

ಶಾಲೆ ಬಿಡುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತೇನೆ, ಬಿಚ್ಚುತ್ತೇನೆ, ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ನನ್ನ ಮುಖ ಈಗ ಎಲ್ಲರಿಗೂ ಗೊತ್ತು. ತಪ್ಪಿಸಿಕೊಂಡ ಅವನದು ಯಾರಿಗೂ ಗೊತ್ತಿಲ್ಲ. ಆ ಗೇಟಿನ ಬಳಿ ಅವನು ನಿಲ್ಲಬಹುದು, ನಾನು ನಿಲ್ಲುವಂತಿಲ್ಲ.