ಗೋಡೆಯಾಚೆಯ ಮಚ್ಚೆಕಾಳು

ನಮ್ಮಮ್ಮನಂಥ ಪುಕ್ಕಲು ಹೆಂಗಸು ಇನ್ನೊಬ್ಬಳಿಲ್ಲ. ಹೊಲಿಗೆ ಅವಳ ಕಸುಬು. ಗಿರಾಕಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ನಾಲ್ಕಾರು ಸಲ ಅಳೆದು, ಆಮೇಲೂ "ಯಾಕೋ ಗಿಡ್ಡ ಆಗುತ್ತೇನೋ ಕಣೇ" ಅಂತ ನನ್ನ ಪ್ರಾಣ ತಿನ್ನುತ್ತಾಳೆ. ಇಂಥವಳು ಒಂದು ಸಲ ಧೈರ್ಯ ಮಾಡಿದಳು. ಅದೂ ಎಂಥ ಕೆಲಸಕ್ಕೆ!

ನಮ್ಮಜ್ಜಿ, ಅಂದರೆ ಅಮ್ಮನ ಅತ್ತೆ, ಹಿತ್ತಲಲ್ಲಿ ಒಂದು ಜಾತಿ ಬೀನ್ಸ್ ಬೆಳೆಯುತ್ತಿದ್ದರು. ಬಿಳಿ ಕಾಳು, ಮೈಮೇಲೆ ಕೆಂಪು ಮಚ್ಚೆ. ಅಂಗಡಿಯಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ. ಬಲಿತ ಕಾಯಿ ಸುಲಿದು, ಹಸಿಕಾಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಉಪ್ಪು. ಬಾಯಿಗಿಟ್ಟರೆ ಬೆಣ್ಣೆ. ಅಜ್ಜಿ ಕಣ್ಣು ಮುಚ್ಚುವ ಮೊದಲು ಬೀಜದ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟರು. ಹಿರಿಸೊಸೆಗೆ, ಅಂದರೆ ಪಕ್ಕದ ಮನೆಯ ನಮ್ಮ ದೊಡ್ಡಮ್ಮನಿಗೆ, ಕೊಡಲಿಲ್ಲ. ಮದುವೆಯಾದಾಗಿನಿಂದ "ದೊಡ್ಡವಳನ್ನ ನೋಡಿ ಕಲಿ" ಅನ್ನಿಸಿಕೊಂಡೇ ಬಂದ ಅಮ್ಮನಿಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಅಂದರೆ ಅದೊಂದೇ.

ಹೋದ ವರ್ಷ ಬಿತ್ತುವ ಹೊತ್ತಿಗೆ ದೊಡ್ಡಮ್ಮ ಗೋಡೆ ಮೇಲಿಂದ ಕೇಳಿಯೇಬಿಟ್ಟರು. "ಒಂದು ಹಿಡಿ ಬೀಜ ಕೊಡೇ, ನಾನೂ ಹಾಕ್ತೀನಿ."

ಇಲ್ಲ ಅನ್ನಲು ಅಮ್ಮನಿಗೆ ನಾಲಿಗೆ ಏಳಲಿಲ್ಲ. ಒಳಗೆ ಬಂದು, ಒಂದು ಹಿಡಿ ಬೀಜವನ್ನು ಬಾಣಲೆಗೆ ಸುರಿದು, ಗಡಿಬಿಡಿಯಲ್ಲಿ ಹುರಿದು, ತಣ್ಣಗಾಗಿಸಿ ಪೊಟ್ಟಣ ಕಟ್ಟಿದಳು.

"ಅಮ್ಮಾ, ಏನಿದು? ಹುರಿದ ಬೀಜ ಹುಟ್ಟುತ್ತಾ?"

"ನೀನು ಸುಮ್ನಿರು. ಅವರ ಕೈಗೆ ಹೋದ್ರೆ ನಾಳೆ ಅದು ಅವರ ಬೀಜ ಆಗುತ್ತೆ."

ನಗುನಗುತ್ತಾ ಕೊಟ್ಟೂ ಬಂದಳು! ಇನ್ನೊಂದು ಹಿಡಿ ಕೇಳಿದರೆ ಖಾಲಿ ಅನ್ನಬಹುದು ಅಂತ, ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅವತ್ತೇ ನಮ್ಮ ಹಿತ್ತಲಿಗೆ ಬಿತ್ತಿದಳು.

ಆಮೇಲೆ ಶುರುವಾಯಿತು ನೋಡಿ. ದೊಡ್ಡಮ್ಮನಿಗೆ ಗೊತ್ತಾದರೆ? ಅಪ್ಪನ ಕಿವಿಗೆ ಬಿದ್ದರೆ? ಗೋಡೆಯಾಚೆ ಇಣುಕಲು ಒಂದು ನೆವ ಬೇಕಲ್ಲ, ಕೊಡದಲ್ಲಿ ನೀರು ಹಿಡಿದು ಹೋಗುವಳು. ಇಣುಕುವಳು, ನಮ್ಮ ಬಳ್ಳಿಗಳ ಬುಡಕ್ಕೆ ನೀರು ಸುರಿಯುವಳು, ಬಂದು ಮಿಷನ್ ಮುಂದೆ ಕೂರುವಳು, ಮತ್ತೆ ಏಳುವಳು. ಒಬ್ಬರ ಷರ್ಟಿಗೆ ಎರಡೂ ಎಡಗೈ ತೋಳೇ ಕೂರಿಸಿದಳು ಮಹಾತಾಯಿ.

ಒಂದು ದಿನ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಹುಟ್ಟಿದೆ ಕಣೇ! ಎರಡು ಹುಟ್ಟಿದೆ!"

ಸರಿಯಾಗಿ ಬಿಸಿ ತಾಗದೆ ಉಳಿದಿದ್ದವೋ ಏನೋ. "ಒಳ್ಳೇದೇ ಆಯ್ತು ಬಿಡು" ಅಂದೆ.

"ಏನು ಒಳ್ಳೇದು? ಮಿಕ್ಕಿದ್ದು ಯಾಕೆ ಹುಟ್ಟಲಿಲ್ಲ ಅಂತ ಯೋಚನೆ ಮಾಡಲ್ವಾ ಅವರು?"

ಇಣುಕುವುದು ಹೆಚ್ಚಾಯಿತು, ನೀರೂ ಹೆಚ್ಚಾಯಿತು. ಬೇಡ ಅಂತ ಬಡಕೊಂಡೆ, ಕೇಳಬೇಕಲ್ಲ! ನಮ್ಮ ಬಳ್ಳಿಗಳು ಹಳದಿಯಾಗಿ, ಬುಡ ಕೊಳೆತು, ಒಂದೊಂದಾಗಿ ಮಲಗಿದವು. ಎಳೆದರೆ ಬೇರು ಕೈಗೇ ಬಂತು, ಗಬ್ಬು ನಾತ. ಅಮ್ಮ ಅದನ್ನು ಹಿಡಿದು ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತಳು. "ಅತ್ತೆ ನನ್ನ ನಂಬಿ ಕೊಟ್ಟಿದ್ರು ಕಣೇ." ಅಷ್ಟು ಹೊತ್ತು ಸಿಟ್ಟಲ್ಲಿದ್ದ ನಾನೂ ಹೋಗಿ ಅವಳ ಪಕ್ಕ ಕೂತೆ.

ಇನ್ನು ಉಳಿದದ್ದು ಗೋಡೆಯಾಚೆಯ ಎರಡು ಬಳ್ಳಿ ಮಾತ್ರ. ಕೇಳಲು ಮುಖವಿಲ್ಲದೆ ಅಮ್ಮ ಇವತ್ತು ನಾಳೆ ಅಂತ ತಳ್ಳಿದಳು. ಅಲ್ಲಿ ಕಾಯಿ ತುಂಬಿದವು, ಬಲಿತವು, ಒಣಗತೊಡಗಿದವು. ಒಂದು ಬೆಳಿಗ್ಗೆ ನೋಡಿದರೆ ಬಳ್ಳಿ ಬರಿದು, ಆ ಕಡೆಯಿಂದ ಬೆಳ್ಳುಳ್ಳಿ ಹಾಕಿ ಕಾಳು ಬೇಯಿಸುವ ಘಮ.

"ಅಯ್ಯೋ, ಬೇಯಿಸಿಬಿಟ್ರು!" ಅಳತೆ ಟೇಪು ಕೊರಳಲ್ಲಿರುವಂತೆಯೇ ಅಮ್ಮ ಓಡಿದಳು, ಹಿಂದೆಯೇ ನಾನು.

ದೊಡ್ಡಮ್ಮ ಒಲೆ ಮುಂದೆ ನಿಂತು ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದರು.

"ಅಕ್ಕಾ, ಎಲ್ಲಾ ಹಾಕಿಬಿಟ್ರಾ? ನಮ್ಮದೆಲ್ಲ ಕೊಳೆತುಹೋಯ್ತು. ಬೀಜಕ್ಕೆ ಅಂತ ಒಂದು ಕಾಳೂ ಉಳಿದಿಲ್ಲ."

ದೊಡ್ಡಮ್ಮ ಉರಿ ಸಣ್ಣ ಮಾಡಿ, ಕಪಾಟಿನಿಂದ ಒಂದು ಬಟ್ಟಲು ತೆಗೆದು, ಒಣಗಿದ ಕಾಳನ್ನು ಒಂದು ಹಿಡಿ ಅಮ್ಮನ ಅಂಗೈಗೆ ಸುರಿದರು. ಬಿಳಿ ಕಾಳು, ಕೆಂಪು ಮಚ್ಚೆ. ಅಮ್ಮ ತನಗೇ ಗೊತ್ತಿಲ್ಲದೆ ಆ ಕೈಯನ್ನು ಮೂಗಿನ ಹತ್ತಿರ ಒಯ್ದಳು.

"ಮೂಸಬೇಡ" ಅಂದರು ದೊಡ್ಡಮ್ಮ. "ನಾನು ಹುರಿದಿಲ್ಲ."