ಚಿಕ್ಕಪ್ಪ ಬರೆಯದೆ ಬಿಟ್ಟ ಗೂಡುಗಳು

ನಮ್ಮ ಚಿಕ್ಕಪ್ಪ ಮೂವತ್ತೊಂದು ವರ್ಷದಿಂದ ಪಕ್ಷಿಧಾಮದ ಕಾವಲುಗಾರ. ಅಷ್ಟರಲ್ಲಿ ಅವನ ಮಂಡಿ ಸವೆಯಿತು, ಮೂರು ದುರ್ಬೀನು ಹಾಳಾದವು, ಸರ್ಕಾರಗಳಂತೂ ಎಷ್ಟು ಬಂದು ಹೋದವೋ ಅವನಿಗೇ ನೆನಪಿಲ್ಲ. ಒಬ್ಬರು ಬಂದರೆ ಧಾಮದ ಗಡಿ ಹಿಗ್ಗುತ್ತಿತ್ತು, ಇನ್ನೊಬ್ಬರು ಬಂದರೆ ಕುಗ್ಗುತ್ತಿತ್ತು. ಗಡಿಕಲ್ಲು ಕಿತ್ತು ನೆಡುವವನು ಮಾತ್ರ ಇವನೇ. "ಅವರು ಕಾಗದದ ಮೇಲೆ ಗೆರೆ ಎಳೀತಾರೆ, ಸೊಂಟ ಹಿಡ್ಕೊಳ್ಳೋದು ನಂದು" ಎನ್ನುತ್ತಿದ್ದ.

ಅವನ ಜೀವವೆಲ್ಲ ಇದ್ದದ್ದು ಧಾಮದ ಬಡಗಣ ಜೌಗಿನಲ್ಲಿ. ಅಲ್ಲಿ ಆಳೆತ್ತರದ ಜೊಂಡಿನ ನಡುವೆ ಕೆನ್ನೀಲಿ ಬಕಗಳು ಗೂಡು ಕಟ್ಟುತ್ತಿದ್ದವು. ಅವನು ಕೆಲಸಕ್ಕೆ ಸೇರಿದ ವಾರವೇ ಹಳೆಯ ಕಾವಲುಗಾರ ಕಿವಿಮಾತು ಹೇಳಿದ್ದನಂತೆ: "ಹಕ್ಕಿ ಎಷ್ಟಿದ್ರೂ ಬರಿ. ಗೂಡು ಮಾತ್ರ ಬರೀಬೇಡ. ಈ ಎಣಿಕೆ ಪುಸ್ತಕ ಎಷ್ಟೋ ಕೈ ದಾಟುತ್ತೆ, ಅದ್ರಲ್ಲಿ ಮೊಟ್ಟೆ ಕದಿಯೋನೂ ಇರ್ತಾನೆ." ಚಿಕ್ಕಪ್ಪ ಅದನ್ನು ಚಾಚೂತಪ್ಪದೆ ಪಾಲಿಸಿದ. ಗೂಡಿನ ಕಾಲಂನಲ್ಲಿ ವರ್ಷ ವರ್ಷವೂ ಸೊನ್ನೆ ಸುತ್ತಿದ. ಮೊಟ್ಟೆಗಳ್ಳರು ಆ ಕಡೆ ತಲೆಹಾಕಿಯೂ ಮಲಗಲಿಲ್ಲ. ಅವನಿಗೆ ಅದೇ ಹೆಮ್ಮೆ.

ಹೋದ ವರ್ಷ ಹೊಸ ನೀತಿ ಬಂತು. ಹತ್ತು ವರ್ಷದಿಂದ ಗೂಡು ದಾಖಲಾಗದ ಜಾಗವನ್ನು ಧಾಮದಿಂದ ಕೈಬಿಡಬೇಕಂತೆ. ಜೌಗಿಗೆ ಮಣ್ಣು ತುಂಬಿ ಗೋದಾಮು ಕಟ್ಟುವ ಯೋಚನೆಯೂ ಇತ್ತು. ಪರಿಶೀಲನೆಗೆ ಬಂದ ಸಾಹೇಬರು ಕೆಟ್ಟವರಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

"ಯಾವ ವರ್ಷಾನೂ ನಲವತ್ತು ಗೂಡಿಗೆ ಕಮ್ಮಿ ಇರ್ಲಿಲ್ಲ ಸಾರ್" ಎಂದ ಚಿಕ್ಕಪ್ಪ.

ಸಾಹೇಬರು ಪುಸ್ತಕ ತಿರುವಿದರು. "ಇದು ಯಾರ ಅಕ್ಷರ?"

"ನಂದೇ."

"ಮತ್ತೆ, ಆಗ ಸುಳ್ಳು ಬರೆದ್ರಾ, ಈಗ ಸುಳ್ಳು ಹೇಳ್ತಿದ್ದೀರಾ?"

ಕರೆದುಕೊಂಡು ಹೋಗಿ ತೋರಿಸೋಣವೆಂದರೆ ಅದು ಗೂಡಿನ ಕಾಲವಲ್ಲ. ಹಳೆಯ ಗೂಡುಗಳೆಲ್ಲ ಗಾಳಿಗೆ ಚೆದುರಿ ಬರೀ ಜೊಂಡು ನಿಂತಿತ್ತು. ಪಾಪ, ಸಾಹೇಬರೂ ಬೂಟು ನೆನೆಸಿಕೊಂಡು ಅರ್ಧ ಗಂಟೆ ಹುಡುಕಿದರು. "ನಾನು ನಂಬ್ತೀನಿ ಕಣ್ರೀ. ಆದ್ರೆ ಮೇಲಕ್ಕೆ ನಿಮ್ಮ ಪುಸ್ತಕ ತಾನೇ ಕಳಿಸ್ಬೇಕು?" ಎಂದು ಹೊರಟುಹೋದರು.

ಅಂದು ಚಿಕ್ಕಪ್ಪ ಮನೆಗೆ ಬಂದವನು ಒದ್ದೆ ಬೂಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತ.

"ಇಷ್ಟು ವರ್ಷ ನನಗೂ ಒಂದು ಮಾತು ಹೇಳ್ಲಿಲ್ಲ ನೀವು" ಎಂದಳು ಚಿಕ್ಕಮ್ಮ.

"ನಿನ್ನ ಬಾಯಿ ನಂಗೊತ್ತಿಲ್ವಾ?" ಎಂದು ನಗಲು ಹೋದ, ನಗು ಬರಲಿಲ್ಲ. "ಕಳ್ಳರ ಕಣ್ಣಿಗೆ ಬೀಳ್ಬಾರ್ದು ಅಂತ ಮುಚ್ಚಿಟ್ಟೆ ಕಣೇ. ಈಗ ನಾನೇ ಅದನ್ನ ಇಲ್ಲ ಅನ್ನಿಸಿಬಿಟ್ಟೆ." ಅವನ ದನಿ ಅಷ್ಟು ದಣಿದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಅಳು ಬಂತು.

ಆದೇಶ ಬಂದಾಗ ಕಲ್ಲು ಕೀಳುವ ಕೆಲಸವೂ ಅವನ ತಲೆಗೇ ಬಂತು. ಒಟ್ಟು ಹದಿನಾಲ್ಕು ಕಲ್ಲು. ನಾನೂ ಕೈಜೋಡಿಸಿದೆ. ಒಂಬತ್ತನೆಯದನ್ನು ಎಬ್ಬಿಸುತ್ತಿದ್ದಾಗ ಆ ವರ್ಷದ ಮೊದಲ ಬಕಗಳ ಜೋಡಿ ಕಡ್ಡಿ ಕಚ್ಚಿಕೊಂಡು ಬಂದು ಜೊಂಡಿಗೆ ಇಳಿಯಿತು. ಚಿಕ್ಕಪ್ಪ ಹಾರೆ ಕೆಳಗಿಟ್ಟ. ಚೀಲದಿಂದ ಪುಸ್ತಕ ತೆಗೆದು ಬಡಗಣ ಜೌಗಿನ ಸಾಲು ಹುಡುಕಿದ. ಕಚೇರಿಯವರು ಆಗಲೇ ಅದಕ್ಕೆ ಕೆಂಪು ಗೆರೆ ಎಳೆದಿದ್ದರು. ಆ ಗೆರೆಯ ಮೇಲೆಯೇ, ಗೂಡಿನ ಕಾಲಂನಲ್ಲಿ, ದಪ್ಪಗೆ 'ಒಂದು' ಎಂದು ಬರೆದ.

ಆಮೇಲೆ ಹಾರೆ ಎತ್ತಿಕೊಂಡು ಹತ್ತನೆಯ ಕಲ್ಲಿನ ಕಡೆ ನಡೆದ.