ಐತಪ್ಪಣ್ಣ ಬದುಕಿಸಿದ ಹೀರೋ

ಪರದೆಯ ಮೇಲಿನ ಯುದ್ಧದಲ್ಲಿ ಹೀರೋಗೆ ಗುಂಡು ಬಿದ್ದದ್ದೇ ತಡ, ಕುಸುಮಕ್ಕ ನನ್ನ ಕೈ ಗಟ್ಟಿ ಹಿಡಿದಳು. ಅಕ್ಕನಿಗೆ ನಿಶ್ಚಯವಾಗಿದ್ದ ಹುಡುಗನೂ ಯುದ್ಧಕ್ಕೆ ಹೋಗಿದ್ದ, ತಿಂಗಳುಗಳಿಂದ ಸುದ್ದಿಯಿರಲಿಲ್ಲ. ಮೂಡುಬಿದಿರೆಯ ಟೆಂಟ್ ಸಿನೆಮಾಕ್ಕೆ ಬಂದಿದ್ದ ಆ ಪ್ರೇಮದ ಚಿತ್ರ ಹಿಂದಿಯದ್ದು. ನಮಗ್ಯಾರಿಗೂ ಹಿಂದಿ ಬಾರದ್ದರಿಂದ ಅಲ್ಪಸ್ವಲ್ಪ ಹಿಂದಿ ಬಲ್ಲ, ಟೆಂಟಿನ ಕೆಲಸದ ಐತಪ್ಪಣ್ಣ ಪರದೆಯ ಪಕ್ಕ ನಿಂತು ಕಥೆ ಬಿಡಿಸಿ ಹೇಳುತ್ತಿದ್ದ. ಅಕ್ಕನ ಮುಖ ನೋಡಿ ಅವನು ತಡವರಿಸಿದ.

“ಸತ್ತದ್ದಲ್ಲ ಮಾರಾಯ್ರೆ, ಸುಸ್ತಾಗಿ ಮಲಗಿದ್ದು. ಊರಿಗೆ ಬರ್ತಾನೆ, ಮದುವೆ ಉಂಟು!”

ಪರದೆಯಲ್ಲಿ ಚಿತೆ ಉರಿಯುತ್ತಿತ್ತು.

“ಹಾಗಾದ್ರೆ ಆ ಬೆಂಕಿ ಎಂತದ್ದು?” ಹಿಂದಿನಿಂದ ಒಬ್ಬ ಕೇಳಿದ.

ಅವನ ಹೆಂಡತಿ ಗದರಿದಳು: “ಮದುವೆ ಊಟದ ಒಲೆ! ಬಾಯಿ ಮುಚ್ಚಿ ಕೂತ್ಕೊಳ್ಳಿ.”

ಇಡೀ ಟೆಂಟು “ಹೌದೌದು” ಎಂದಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಹುಡುಗ ಬಂದನೇ ಎಂದು ಕೇಳುತ್ತೀರಾ? ಇಗೋ, ಅಕ್ಕನ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಭಾವ ಒಳಗಿಂದ ಕೂಗುತ್ತಿದ್ದಾರೆ: “ಮೊಬೈಲ್ ಇಡು ಮಾರಾಯ, ಗಂಜಿ ಆರ್ತದೆ!”